ಆರನೇ ಕೆಲಸದ ದಿನ

ನಾಳೆ ತಲೆಯೆಣಿಕೆ. ಇವತ್ತು ಸಂಜೆಯೊಳಗೆ
ಇಪ್ಪತ್ತಮೂರು ಮಕ್ಕಳನ್ನೂ ಕಾಲಮ್ಮುಗಳಲ್ಲಿ ಕೂರಿಸಿಯಾಗಬೇಕು.
ಪೆರ್ಲ ಪೇಟೆ ದಾಟಿ ಗುಡ್ಡದ ಮೇಲಿನ ಈ ಶಾಲೆಗೆ
ನೆಟ್‌ವರ್ಕ್ ಬರುವುದು ಬಾವಿಕಟ್ಟೆಯವರೆಗೆ ಮಾತ್ರ.
ಲ್ಯಾಪ್‌ಟಾಪು ಹೊತ್ತುಕೊಂಡು ಇಲ್ಲಿ ಬಂದು ಕೂತಿದ್ದೇನೆ,
ಒಬ್ಬೊಬ್ಬರನ್ನೇ ಕರೆಯುತ್ತೇನೆ
ಚುಚ್ಚುಮದ್ದಿನ ನರ್ಸಿನ ಹಾಗೆ.

ಪ್ರಶ್ನೆ ಇರುವುದು ಮಲಯಾಳದಲ್ಲಿ.
ಮನಸ್ಸಿನೊಳಗೆ ಕನ್ನಡ ಮಾಡಿಕೊಂಡು ತುಳುವಿನಲ್ಲಿ ಕೇಳುತ್ತೇನೆ:
ಮನೆಯಲ್ಲಿ ಎಂತ ಮಾತಾಡುವುದು?
ಸಫ್ರೀನ ಹೇಳಿದ್ದು ಪಟ್ಟಿಯಲ್ಲಿ ಇಲ್ಲ.
ಬಂಗಾಳಿ ಉಂಟು, ಬೋಡೊ ಉಂಟು, ಬ್ಯಾರಿ ಇಲ್ಲ.
"ಹಾಗಾದರೆ ನಾವು ಮಾತಾಡುವುದು ಎಂತ ಟೀಚರೇ?"
"ಇತರೆ" ಎಂದೆ.
ಓಡಿಹೋಗಿ ತಂಗಿಗೆ ಹೇಳಿದಳು, ನಮ್ಮದು ಇತರೆ ಅಂತೆ,
ಹೊಸ ಅಂಗಿ ಸಿಕ್ಕಿದವಳ ಹಾಗೆ.

ಕಲ್ಲಪಣೆಯ ಲೈನುಮನೆಯ ಸುಜನ್ ಸರ್ದಾರ್
ತುಂಬ ಹೊತ್ತು ಯೋಚಿಸಿದ.
ಅಮ್ಮನ ಹತ್ತಿರ ಒಂದು, ಮೇಸ್ತ್ರಿಯ ಹತ್ತಿರ ಒಂದು,
ನಾಯಿಯ ಹತ್ತಿರ ತುಳು.
ನಾಯಿ ಇಲ್ಲಿಯದ್ದಲ್ವಾ, ಅದಕ್ಕೆ ಬೇರೆ ಬರುವುದಿಲ್ಲ.

ಹೆಡ್‌ಮಾಸ್ಟ್ರು ನಿನ್ನೆಯೇ ಹೇಳಿದ್ದಾರೆ, ಫೈಲಿನಿಂದ ತಲೆಯೆತ್ತದೆ:
ಅನುಮಾನ ಬಂದಲ್ಲಿ ಕನ್ನಡ ಅಂತ ಹಾಕಿ.
ಡಿವಿಷನ್ ಉಳಿಯಬೇಕು. ನಿಮ್ಮ ಪೋಸ್ಟೂ.
ನನಗೆ ಹನ್ನೊಂದು ಸಲ ಅನುಮಾನ ಬಂತು.
ಯಾರ ಅಡಿಗೆಮನೆಯಲ್ಲೂ ಇಲ್ಲದ ಕನ್ನಡ
ನನ್ನ ಬೆರಳಿನ ಕೆಳಗೆ ಬೆಳೆಯಿತು.
ಸುಳ್ಳು ಎನ್ನಲಾರೆ. ನನಗೂ ಅದು ಸಿಕ್ಕಿದ್ದು
ಇದೇ ಜಗಲಿಯಲ್ಲಿ, ಸ್ಲೇಟಿನ ಮೇಲೆ,
ಎಂಜಲು ಹಚ್ಚಿ ಉಜ್ಜಿ ಉಜ್ಜಿ.

ಜಾತಿ ಕೇಳುವಾಗ ನನ್ನ ದನಿ ತಾನಾಗಿ ಇಳಿಯುತ್ತದೆ.
ಮಕ್ಕಳದು ಇಳಿಯುವುದಿಲ್ಲ, ಬಸ್ಸಿನ ಹೆಸರು ಹೇಳಿದಂತೆ ಹೇಳುತ್ತವೆ.
ಧನ್ಯಶ್ರೀ ನಾಯ್ಕಳ ಚಿಕ್ಕಮ್ಮ ಒಂದನೇ ಕ್ಲಾಸಿಗೆ ಸೇರಿದ ವರ್ಷ
ಆ ಮನೆ ಪಟ್ಟಿಯ ಹೊರಗಿತ್ತು; ಇವಳ ಹೊತ್ತಿಗೆ ಒಳಗೆ.
ಮನೆ ಅಲ್ಲೇ ಉಂಟು, ಅದೇ ತೋಡಿನ ಬದಿಯಲ್ಲಿ.

ಸುಚಿತ ಮಾತ್ರ ದನಿಯನ್ನು ನನಗಿಂತ ತಗ್ಗಿಸಿದಳು.
ಮೊದಲ ಅಕ್ಷರದಲ್ಲೇ ನಿಂತಿತು.
ಕಾಲಿನ ಹೆಬ್ಬೆರಳು ಮಣ್ಣಿನಲ್ಲಿ ಏನೋ ಬರೆದು ಅಳಿಸಿತು.
ಕೇಳದಿದ್ದರೆ ಇವಳ ಗ್ರಾಂಟು ಬರುವುದಿಲ್ಲ.
ಮತ್ತೊಮ್ಮೆ ಕೇಳಿದೆ.

"ಎಷ್ಟು ಜನ ಟೀಚರೇ?" ಗಂಜಿಯ ಕೋಣೆಯಿಂದ ಕಮಲಾಕ್ಷಿಯಕ್ಕ.
ಇಪ್ಪತ್ತಮೂರು ಎಂದೆ.
"ಇಪ್ಪತ್ತೆರಡು" ಎಂದರು, ಪಾವಿನ ತಲೆ ಸವರುತ್ತ.
ಯಾವ ಮಗುವಿನ ಬುತ್ತಿ ದಿನಾ ಮನೆಯಿಂದಲೇ ಬರುತ್ತದೆಂದು
ಅವರಿಗೆ ಗೊತ್ತು. ಯಾಕೆಂದೂ ಗೊತ್ತು.
ಅದಕ್ಕೆ ಕಾಲಮ್ಮು ಇಲ್ಲ.

ಒಂದು ಸರ್ಟಿಫಿಕೇಟಿಗಾಗಿ ಕಪಾಟಿನ ಹಳೇ ರಿಜಿಸ್ಟರು ತೆಗೆಯಬೇಕಾಯಿತು.
ಗಡಿ ಎಳೆಯುವ ಮುಂಚೆ ಶುರುವಾದದ್ದು;
ಇರುವೆಬಣ್ಣದ ಶಾಯಿ, ಇಲಿ ತಿಂದ ಮೂಲೆ.
ಸಿಡುಬಿನ ಅಚ್ಚು ಹಾಕಿಸಿದೆಯೇ: ಹೌದು.
ಗುರುತು: ಎಡಗಲ್ಲದಲ್ಲಿ ಮಚ್ಚೆ.
ಹುಡುಕಿದ್ದು ಬೇರೆ ಯಾರನ್ನೋ, ಸಿಕ್ಕಿದ್ದು ನನ್ನ ಅಪ್ಪ.
ಅವರ ಸಾಲಿನಲ್ಲಿ ಜಾತಿಯ ಜಾಗ
ಬ್ಲೇಡಿನಲ್ಲಿ ಕೆರೆದು ಮತ್ತೆ ಬರೆದದ್ದು.
ಕಾಗದ ಅಲ್ಲಿ ಈರುಳ್ಳಿಯ ಸಿಪ್ಪೆಯಷ್ಟು ತೆಳು;
ಬಿಸಿಲಿಗೆ ಹಿಡಿದರೆ ಅಡಿಯ ಹೆಸರು ಓದಬಹುದು.
ಹಿಡಿಯಲಿಲ್ಲ.
ಯಾಕೆ ಕೆರೆದದ್ದೆಂದು ಅಪ್ಪ ಹೇಳಿರಲಿಲ್ಲ.
ಕೇಳುವಷ್ಟು ದೊಡ್ಡವಳಾದಾಗ ನನಗೆ ಕೆಲಸ ಬೇಕಿತ್ತು.

ನಾಲ್ಕು ಗಂಟೆ ಹತ್ತು ನಿಮಿಷ. ಸೇವ್ ಒತ್ತಿದೆ.
ಪರದೆಯ ಮೇಲೆ ಉರುಟೊಂದು ತಿರುಗಲು ಹಿಡಿಯಿತು.
ಮುಗಿದ ಮಕ್ಕಳೆಲ್ಲ ಬಾವಿಯ ಕಬ್ಬಿಣದ ಬಲೆಗೆ ಮುಖ ಒತ್ತಿ
ಒಳಗಿನ ಆಮೆಯನ್ನು ಹುಡುಕುತ್ತಿದ್ದಾರೆ.
ಮೂರು ವರ್ಷದಿಂದ ಉಂಟಂತೆ, ನಾನು ಕಂಡಿಲ್ಲ.

ಎಲ್ಲರಿಗಿಂತ ಮೊದಲು ಕಂಡದ್ದು ಸುಚಿತಳಿಗೆ.
ಕೂಗಿದಳು,
ಗಂಜಿಕೋಣೆಯವರೆಗೆ ಕೇಳುವ ಹಾಗೆ.
ಬಾವಿ ಅದನ್ನು ಎರಡು ಸಲ ಹೇಳಿತು.
ಉರುಟು ಇನ್ನೂ ತಿರುಗುತ್ತಲೇ ಇತ್ತು.